ಜುಲೈ 11: ಕರ್ನಲ್ ಪೆನ್ನೂ ನಮ್ಮ ಚಿಕ್ಕಪ್ಪನೂ

ಗೆಳೆಯರೇ, ಇದು ಸ್ವಲ್ಪ ಉದ್ದದ ಬರಹ. ಬಿಡುವಾದಾಗ ಓದಿ. ಆದರೆ ಪೂರ್ತಿ ಓದಿ.

ನಮ್ಮ ಚಿಕ್ಕಪ್ಪ ಮಿಲಿಟರೀಲಿ ಮೆಕ್ಯಾನಿಕ್ ಆಗಿದ್ದ. ಸಿನಿಮಾದಲ್ಲಿ ತೋರಿಸೋ ಥರ ಗಡೀಲಿ ಬಂದೂಕು ಹಿಡ್ಕೊಂಡು ನಿಲ್ಲೋ ಕೆಲಸ ಅಲ್ಲ. ಲಾರಿ, ಜೀಪು, ಜನರೇಟರು ರಿಪೇರಿ. ಇಎಂಇ ಅಂತಾರಲ್ಲ, ಸೇನೆಯ ಗಾಡಿ, ಯಂತ್ರಗಳನ್ನ ನೋಡ್ಕೊಳ್ಳೋ ದಳ, ಅದರಲ್ಲಿದ್ದ. ರಜಕ್ಕೆ ಊರಿಗೆ ಬಂದನೆಂದರೆ ನಮ್ಮ ಕೇರಿಗೆ ಹಬ್ಬ. ಹಸಿರು ಟ್ರಂಕು, ಒಂದು ಕಂಬಳಿ, ನಮಗೆಲ್ಲ ಬಿಸ್ಕತ್ತು. ಅವನ ಕೈಯಿಂದ ಡೀಸೆಲ್ ವಾಸನೆ ಎಷ್ಟು ಸೋಪು ಹಾಕಿದರೂ ಹೋಗ್ತಿರಲಿಲ್ಲ.

ಊರಿನ ಯಜಮಾನರೊಬ್ಬರ ಮನೇಲಿ ಟ್ರ್ಯಾಕ್ಟರ್ ಇತ್ತು. ಅದು ಕೆಟ್ಟರೆ ತಾಲ್ಲೂಕಿಂದ ಮೆಕ್ಯಾನಿಕ್ ಬರಬೇಕು, ದುಡ್ಡೂ ಜಾಸ್ತಿ, ದಿನವೂ ಜಾಸ್ತಿ. ಹಾಗಾಗಿ ಚಿಕ್ಕಪ್ಪ ರಜಕ್ಕೆ ಬಂದಿದ್ದಾನೆ ಅಂತ ಗೊತ್ತಾದರೆ ಆಳಿನ ಕೈಲಿ ಹೇಳಿ ಕಳಿಸೋರು. ಇವನು ಹೋಗಿ ಎಂಜಿನ್ ಬಿಚ್ಚಿ, ಒರೆಸಿ, ಕೂಡಿಸಿ, ಸ್ಟಾರ್ಟ್ ಮಾಡಿ ಕೊಡೋನು. ಕೆಲಸ ಮುಗಿದ ಮೇಲೆ ಟೀ. ಟೀ ಲೋಟ ಮಾತ್ರ ಕೊಟ್ಟಿಗೆ ಸೂರಿನಲ್ಲಿ ಸಿಗಿಸಿಟ್ಟದ್ದು. ಕುಡಿದು, ತಾನೇ ತೊಳೆದು, ಅಲ್ಲೇ ಸಿಗಿಸಿ ಬರಬೇಕು. ನಾನು ಹುಡುಗ, ಜೊತೆಗೆ ಹೋಗ್ತಿದ್ದೆ. ಅವನು ಒಂದು ಮಾತೂ ಆಡದೆ ಲೋಟ ತೊಳೆದಿಟ್ಟು, ಸೀಮೆಎಣ್ಣೆಯಲ್ಲಿ ಕೈ ಉಜ್ಜಿಕೊಂಡು ಮನೆಗೆ ಬರೋನು.

ಪಿಂಚಣಿ ಮೇಲೆ ಊರಿಗೆ ಬಂದು ಇನ್ನೂ ಎರಡು ವರ್ಷ ತುಂಬಿರಲಿಲ್ಲ, ಜ್ವರ ಬಂದು ತೀರಿಕೊಂಡ. ಆಗಲೂ ಅವನ ಹೆಸರು ಸೇನೆಯ ರಿಸರ್ವ್ ಪಟ್ಟಿಯಲ್ಲಿತ್ತು. ಯುದ್ಧ ಬಂದರೆ ಮತ್ತೆ ಕರೀತಾರೆ ಅಂತ ಬೂಟಿಗೆ ಪಾಲಿಶ್ ಹಾಕಿ ಟ್ರಂಕಿನ ಮೇಲೆ ಇಟ್ಟಿದ್ದ. ಮಳೆಗಾಲ. ನಮ್ಮ ಹೆಣಗಳು ಊರ ಮುಂದಿನ ಬೀದೀಲಿ ಹೋಗುವ ಹಾಗಿರಲಿಲ್ಲ. ಕೆರೆ ಕೋಡಿ ಪಕ್ಕ, ಮೊಣಕಾಲುದ್ದ ಕೆಸರಿನಲ್ಲಿ, ಜಾರಿ ಬೀಳ್ತಾ ಏಳ್ತಾ ಹೊತ್ಕೊಂಡು ಹೋದ್ವಿ. ಚಿಕ್ಕವ್ವ ಆ ಬೂಟನ್ನ ಹಿಡ್ಕೊಂಡು ಹಿಂದೆ ಬಂದಳು. ದೇಶ ಕರೆದರೆ ಹೋಗೋಕೆ ತಯಾರಿದ್ದವನಿಗೆ ಊರ ಬೀದೀಲಿ ಒಂದು ಸಲ, ಅದೂ ಸತ್ತ ಮೇಲೆ, ದಾರಿ ಸಿಗಲಿಲ್ಲ.

ಇದನ್ನ ಇಷ್ಟು ವರ್ಷ ಯಾಕೆ ಬರೆದಿರಲಿಲ್ಲ ಅಂದರೆ, ಇದರಲ್ಲಿ ವಿಶೇಷ ಏನೂ ಇಲ್ಲ. ಓದ್ತಿರೋ ನಿಮ್ಮಲ್ಲಿ ಅರ್ಧ ಜನರ ಮನೇಲಿ ಇಂಥ ಒಂದು ಸಾವು ಇರುತ್ತೆ. ಆದರೆ ಜುಲೈ 11 ಬಂದಾಗಲೆಲ್ಲ ಇನ್ನೊಬ್ಬ ರಿಸರ್ವ್ ಸೈನಿಕರ ಸಾವು ನೆನಪಾಗುತ್ತೆ, ಆಗ ಚಿಕ್ಕಪ್ಪನೂ ನೆನಪಾಗ್ತಾನೆ. ಆ ಸೈನಿಕರ ಹೆಸರು ಲೆಫ್ಟಿನೆಂಟ್ ಕರ್ನಲ್ ಲೆಮ್ಯುಯೆಲ್ ಪೆನ್. ನಮ್ಮವರು ಮಾರ್ಟಿನ್ ಲೂಥರ್ ಕಿಂಗ್ ಹೆಸರು ಹೇಳ್ತೀವಿ, ಮಾಲ್ಕಂ ಎಕ್ಸ್ ಹೆಸರು ಹೇಳ್ತೀವಿ, ಈ ಮೇಷ್ಟ್ರ ಹೆಸರು ಹೇಳೋದು ಕಡಿಮೆ.

ಹೌದು, ಪೆನ್ ಮೂಲತಃ ಮೇಷ್ಟ್ರೇ. 1915 ರಲ್ಲಿ ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ ಹುಟ್ಟಿದ ಕಪ್ಪು ಮನುಷ್ಯ. ಕಪ್ಪು ಜನರ ಹೆಸರಾಂತ ವಿದ್ಯಾಸಂಸ್ಥೆ ಹೋವರ್ಡ್ ವಿಶ್ವವಿದ್ಯಾಲಯದಿಂದ ಸೇನೆಯ ರಿಸರ್ವ್ ಸೇರಿದವರು. ಎರಡನೇ ಮಹಾಯುದ್ಧದಲ್ಲಿ ನ್ಯೂಗಿನಿ, ಫಿಲಿಪ್ಪೀನ್ಸ್‌ನಲ್ಲಿ ಸೇವೆ ಮಾಡಿ ಬ್ರಾಂಜ್ ಸ್ಟಾರ್ ಪದಕ ಪಡೆದವರು. ಯುದ್ಧ ಮುಗಿದ ಮೇಲೆ ಮತ್ತೆ ಶಾಲೆ. 1964 ರ ಹೊತ್ತಿಗೆ ವಾಷಿಂಗ್ಟನ್ ನಗರದ ಸರ್ಕಾರಿ ಶಾಲೆಗಳ ಸಹಾಯಕ ಸೂಪರಿಂಟೆಂಡೆಂಟ್. ವಯಸ್ಕರ ಶಿಕ್ಷಣ, ವೃತ್ತಿ ಶಿಕ್ಷಣದ ಹೊಣೆ ಅವರದು. ಅಂದರೆ ನಮ್ಮ ಚಿಕ್ಕಪ್ಪನಂಥ ಹುಡುಗರ ಕೈಗೆ ಸ್ಪ್ಯಾನರ್ ಕೊಟ್ಟು ಕಸುಬು ಕಲಿಸುವ ಶಾಲೆಗಳನ್ನ ನೋಡಿಕೊಳ್ಳುವ ಕೆಲಸ. ಹೆಂಡತಿ ಕೂಡ ಟೀಚರ್. ಮೂರು ಮಕ್ಕಳು.

ಅಮೆರಿಕದಲ್ಲಿ ರಿಸರ್ವ್ ಅಂದರೆ ವರ್ಷವೆಲ್ಲ ನಿಮ್ಮ ನಿಮ್ಮ ಕೆಲಸ ಮಾಡ್ಕೊಂಡಿರಿ, ಬೇಸಿಗೆಯಲ್ಲಿ ಎರಡು ವಾರ ಬಂದು ತರಬೇತಿ ಮಾಡಿ ಹೋಗಿ, ಯುದ್ಧ ಬಂದರೆ ಕರೀತೀವಿ ಅನ್ನೋ ಏರ್ಪಾಡು. 1964 ರ ಬೇಸಿಗೆಯ ತರಬೇತಿ ಜಾರ್ಜಿಯಾ ರಾಜ್ಯದ ಫೋರ್ಟ್ ಬೆನ್ನಿಂಗ್‌ನಲ್ಲಿ. ಈ ಹೆಸರನ್ನ ಸ್ವಲ್ಪ ಗಮನಿಸಿ. ಗುಲಾಮಗಿರಿ ಉಳಿಸಿಕೊಳ್ಳೋಕೆ ಅಮೆರಿಕ ದೇಶದ ವಿರುದ್ಧವೇ ಯುದ್ಧ ಮಾಡಿದ ದಕ್ಷಿಣದ ಪಡೆಯ ಜನರಲ್ ಹೆನ್ರಿ ಬೆನ್ನಿಂಗ್. ಅದೇ ದೇಶದ ಸೇನೆ ತನ್ನ ದೊಡ್ಡ ನೆಲೆಯೊಂದಕ್ಕೆ ಅವನ ಹೆಸರಿಟ್ಟಿತ್ತು. 1941 ರಲ್ಲಿ ಫೀಲಿಕ್ಸ್ ಹಾಲ್ ಎಂಬ ಹದಿಹರೆಯದ ಕಪ್ಪು ಸೈನಿಕನ ಶವ ಅದೇ ನೆಲೆಯ ಕಾಡಿನಲ್ಲಿ, ಯೂನಿಫಾರ್ಮಿನಲ್ಲೇ, ಮರಕ್ಕೆ ಕಟ್ಟಿ ನೇತು ಹಾಕಿದ ಸ್ಥಿತಿಯಲ್ಲಿ ಸಿಕ್ಕಿತು. ಯಾರಿಗೂ ಶಿಕ್ಷೆ ಆಗಲಿಲ್ಲ. ಅಂಥ ಜಾಗಕ್ಕೆ ಪೆನ್ ಅವರು ದೇಶಸೇವೆಯ ತರಬೇತಿಗೆ ಹೋಗಿದ್ದರು.

ಆ ದಿನಗಳಲ್ಲಿ ಅಮೆರಿಕದಲ್ಲಿ ಏನಾಗ್ತಿತ್ತು ಅಂತ ನೋಡಿ. ಜೂನ್ 21 ಕ್ಕೆ ಮಿಸಿಸಿಪ್ಪಿಯಲ್ಲಿ ನಾಗರಿಕ ಹಕ್ಕುಗಳ ಕಾರ್ಯಕರ್ತರಾದ ಚೇನಿ, ಗುಡ್‌ಮನ್, ಶ್ವೆರ್ನರ್ ಕಾಣೆಯಾದರು. ಜುಲೈ 2 ಕ್ಕೆ ಅಧ್ಯಕ್ಷ ಜಾನ್ಸನ್ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದರು. ಇನ್ನು ಹೋಟೆಲ್, ಸಿನಿಮಾ ಮಂದಿರ, ಲಾಡ್ಜ್‌ಗಳಲ್ಲಿ ಬಣ್ಣ ನೋಡಿ ಹೊರಗಿಡುವಂತಿಲ್ಲ ಅಂತ ಕಾನೂನಾಯ್ತು. ಮರುದಿನವೇ ಜಾರ್ಜಿಯಾದ ರಾಜಧಾನಿ ಅಟ್ಲಾಂಟಾದಲ್ಲಿ ಲೆಸ್ಟರ್ ಮ್ಯಾಡಾಕ್ಸ್ ಎಂಬ ಹೋಟೆಲ್ ಮಾಲೀಕ ಪಿಸ್ತೂಲು ಹಿಡಿದು ಕಪ್ಪು ವಿದ್ಯಾರ್ಥಿಗಳನ್ನ ಬಾಗಿಲಿಂದ ಓಡಿಸಿದ. ಅವನ ಜೊತೆಗಾರರ ಕೈಲಿ ಗುದ್ದಲಿಯ ಕಾವು. ಇದಕ್ಕೆ ಅವನಿಗೆ ಸಿಕ್ಕ ಶಿಕ್ಷೆ ಏನು ಗೊತ್ತಾ? 1967 ರಲ್ಲಿ ಅದೇ ಜಾರ್ಜಿಯಾದ ಗವರ್ನರ್ ಆದ. ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ ಇದ್ದ ಹಾಗೆ.

ಸಹಿ ಬಿದ್ದ ಒಂಬತ್ತನೇ ದಿನ. ತರಬೇತಿ ಮುಗಿಸಿ ಪೆನ್ ಮತ್ತು ಇಬ್ಬರು ಗೆಳೆಯರು, ಮೇಜರ್ ಚಾರ್ಲ್ಸ್ ಬ್ರೌನ್ ಮತ್ತು ಲೆಫ್ಟಿನೆಂಟ್ ಕರ್ನಲ್ ಜಾನ್ ಹೋವರ್ಡ್, ರಾತ್ರಿಯೇ ಕಾರಿನಲ್ಲಿ ವಾಷಿಂಗ್ಟನ್‌ಗೆ ಹೊರಟರು. ಮೂವರೂ ಕಪ್ಪು ಜನ, ಮೂವರೂ ರಿಸರ್ವ್ ಅಧಿಕಾರಿಗಳು. ಆ ಕಾಲದಲ್ಲಿ ಕಪ್ಪು ಮನುಷ್ಯ ದಕ್ಷಿಣದಲ್ಲಿ ಕಾರು ಓಡಿಸೋದು ಅಂದರೆ ಅದೊಂದು ಲೆಕ್ಕಾಚಾರ. ಎಲ್ಲಿ ಪೆಟ್ರೋಲ್ ಹಾಕ್ತಾರೆ, ಎಲ್ಲಿ ಕಕ್ಕಸಿಗೆ ಬಿಡ್ತಾರೆ, ಯಾವ ಊರಲ್ಲಿ ಕತ್ತಲಾದ ಮೇಲೆ ನಿಲ್ಲಬಾರದು. ಇದಕ್ಕಂತಲೇ ನ್ಯೂಯಾರ್ಕ್‌ನ ಹಾರ್ಲೆಮ್‌ನ ವಿಕ್ಟರ್ ಗ್ರೀನ್ ಎಂಬ ಅಂಚೆ ನೌಕರ 1936 ರಿಂದ ಒಂದು ಕೈಪಿಡಿ ತರ್ತಿದ್ದರು, ಗ್ರೀನ್ ಬುಕ್ ಅಂತ. ನಮಗೆ ಇಂಥದ್ದಕ್ಕೆ ಅಚ್ಚಾದ ಪುಸ್ತಕ ಬೇಕಾಗಿರಲಿಲ್ಲ. ಯಾವ ಹೋಟೆಲಲ್ಲಿ ಒಳಗೆ ಕೂತ್ಕೋಬಹುದು, ಯಾವ ಊರಲ್ಲಿ ಚಪ್ಪಲಿ ಕೈಲಿ ಹಿಡ್ಕೋಬೇಕು ಅನ್ನೋದನ್ನ ನಮ್ಮ ಅವ್ವಂದಿರೇ ಬಾಯಿಪಾಠ ಮಾಡಿಸಿ ಕಳಿಸ್ತಿದ್ದರು.

ಅಥೆನ್ಸ್ ಎಂಬ ಊರು, ಜಾರ್ಜಿಯಾ ವಿಶ್ವವಿದ್ಯಾಲಯ ಇರೋ ಜಾಗ. ಅಲ್ಲಿ ಒಂದು ನಿಮಿಷ ನಿಲ್ಲಿಸಿ ಡ್ರೈವರ್ ಬದಲಾದರು. ಪೆನ್ ಸ್ಟಿಯರಿಂಗ್ ಹಿಡಿದರು. ಕಾರಿಗೆ ವಾಷಿಂಗ್ಟನ್ ನಂಬರ್ ಪ್ಲೇಟ್. ಅದನ್ನ ಇನ್ನೊಂದು ಗಾಡಿಯಲ್ಲಿದ್ದ ಮೂವರು ನೋಡಿದರು. ಹೋವರ್ಡ್ ಸಿಮ್ಸ್, ಸೆಸಿಲ್ ಮೈಯರ್ಸ್, ಜೇಮ್ಸ್ ಲ್ಯಾಕಿ. ಮೂವರೂ ಕು ಕ್ಲಕ್ಸ್ ಕ್ಲಾನ್‌ನವರು. ಇವರು ಜಾನ್ಸನ್ ಕಡೆಯಿಂದ ಗಲಾಟೆ ಎಬ್ಬಿಸೋಕೆ ಬಂದವರೇ ಇರಬೇಕು ಅಂತ ಅಂದುಕೊಂಡರು. ಗಾಡಿ ಓಡಿಸ್ತಿದ್ದ ಲ್ಯಾಕಿ ಆಮೇಲೆ ಕೊಟ್ಟ ಹೇಳಿಕೆಯಲ್ಲಿ ಇದು ದಾಖಲಾಗಿದೆ. ಅಥೆನ್ಸ್‌ನಿಂದ ಸುಮಾರು 35 ಕಿಲೋಮೀಟರ್ ಹಿಂಬಾಲಿಸಿದರು. ಬೆಳಗಿನ ಜಾವ, ಮಂಜು. ಮ್ಯಾಡಿಸನ್ ಕೌಂಟಿಯ ಬ್ರಾಡ್ ನದಿಯ ಸೇತುವೆ ಹತ್ತಿರ ಪಕ್ಕಕ್ಕೆ ಬಂದು ಎರಡು ಶಾಟ್‌ಗನ್‌ನಿಂದ ಗುಂಡು ಹಾರಿಸಿದರು. ಪೆನ್ ಕೂತಲ್ಲೇ ಸತ್ತರು. ಪಕ್ಕದಲ್ಲಿದ್ದ ಬ್ರೌನ್ ಸ್ಟಿಯರಿಂಗ್‌ಗೆ ಕೈ ಹಾಕಿ ಕಾರು ನಿಲ್ಲಿಸಿದರು. ಪೆನ್ ಅವರಿಗೆ ಆಗ 48 ವರ್ಷ.

ಅವರು ಯಾವ ಚಳವಳಿಗೂ ಹೋಗ್ತಿರಲಿಲ್ಲ. ಯಾವ ಹೋಟೆಲಿನಲ್ಲೂ ಧರಣಿ ಕೂತಿರಲಿಲ್ಲ. ಮನೆಗೆ ಹೋಗ್ತಿದ್ದರು. ಕೊಂದವರಿಗೆ ಅವರು ಯಾರು ಅಂತ ಕೂಡ ಗೊತ್ತಿರಲಿಲ್ಲ. ಕಾರಿನಲ್ಲಿ ಧೈರ್ಯವಾಗಿ ಹೋಗ್ತಿರೋ ಕಪ್ಪು ಜನ, ಅಷ್ಟು ಸಾಕಾಗಿತ್ತು. ನಮ್ಮಲ್ಲಿ ಮೀಸೆ ಬಿಟ್ಟಿದ್ದಕ್ಕೆ, ಮದುವೆಗೆ ಕುದುರೆ ಹತ್ತಿದ್ದಕ್ಕೆ, ಹೊಸ ಬೈಕಿನಲ್ಲಿ ಊರೊಳಗೆ ಬಂದದ್ದಕ್ಕೆ ಹೊಡೆತ ತಿಂದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಕೊಂದವರು ಯಾರು ಅನ್ನೋದನ್ನೂ ನೋಡಬೇಕು. ಇವರ್ಯಾರೂ ದೊಡ್ಡ ಜಮೀನ್ದಾರರಲ್ಲ, ಸಾಹುಕಾರರಲ್ಲ. ಆ ಊರಿನ ಕ್ಲಾನ್ ಜನ ಸೇರ್ತಿದ್ದದ್ದು ಹರ್ಬರ್ಟ್ ಗೆಸ್ಟ್ ಎಂಬವನ ಗ್ಯಾರೇಜಿನಲ್ಲಿ. ಹೌದು, ಗಾಡಿ ರಿಪೇರಿ ಗ್ಯಾರೇಜು. ಸಿಮ್ಸ್ ಕಾರ್ಖಾನೆಯ ಮೆಷಿನಿಸ್ಟ್, ಮೈಯರ್ಸ್ ನೂಲಿನ ಗಿರಣಿ ಕೆಲಸದವ. ಕೈಗೆ ಗ್ರೀಸ್ ಮೆತ್ತಿಸಿಕೊಂಡು ದುಡಿದು ತಿನ್ನೋ ಜನ. ಪೆನ್ ಅವರ ವೃತ್ತಿ ಶಾಲೆಗಳಲ್ಲಿ ಕಲಿಯೋ ಮಕ್ಕಳು ಮಾಡೋ ಕೆಲಸವನ್ನೇ ಇವರೂ ಮಾಡ್ತಿದ್ದರು. ಕಸುಬು ಒಂದೇ ಆದರೆ ಮನಸ್ಸು ಒಂದಾಗುತ್ತೆ ಅಂತ ನಂಬಿರೋ ನನ್ನ ಎಡಪಕ್ಷದ ಗೆಳೆಯರಿಗೆ ಈ ಗ್ಯಾರೇಜಿನ ಕಥೆ ಹೇಳ್ತಾ ಇರ್ತೀನಿ. ತಮಗಿಂತ ಕೆಳಗೆ ಒಬ್ಬ ಇದ್ದಾನೆ ಅನ್ನೋ ಸಮಾಧಾನ ಬಡ ಬಿಳಿಯನಿಗೆ ಸಿಗ್ತಿದ್ದ ದೊಡ್ಡ ಸಂಬಳ. ಕರ್ನಲ್ ದರ್ಜೆಯ ಕಪ್ಪು ಮನುಷ್ಯ ಆ ಸಂಬಳವನ್ನ ಕಿತ್ಕೊಳ್ತಾ ಇದ್ದ. ಬಾಬಾಸಾಹೇಬರು ಹೇಳಿದ್ದೂ ಇದೇ ಅಲ್ವಾ: ಜಾತಿ ಬರೀ ಕೆಲಸವನ್ನ ಹಂಚಿಲ್ಲ, ಕೆಲಸಗಾರರನ್ನೇ ಮೇಲು ಕೀಳು ಅಂತ ಒಡೆದಿದೆ.

ಈಗ ಕೋರ್ಟಿನ ಕಥೆ. ಎಫ್‌ಬಿಐ ತನಿಖೆ ಮಾಡಿತು, ಆಗಸ್ಟಿನಲ್ಲಿ ಬಂಧನ ಆಯ್ತು. ಲ್ಯಾಕಿ ತಪ್ಪೊಪ್ಪಿಗೆ ಕೊಟ್ಟ. ಆಮೇಲೆ ಹಿಂತೆಗೆದುಕೊಂಡ. ಡೇನಿಯಲ್ಸ್‌ವಿಲ್ ಎಂಬ ಪುಟ್ಟ ಊರಿನಲ್ಲಿ ಸಿಮ್ಸ್ ಮತ್ತು ಮೈಯರ್ಸ್ ವಿಚಾರಣೆ. ಜ್ಯೂರಿಯಲ್ಲಿ ಇದ್ದವರೆಲ್ಲ ಬಿಳಿಯರು. ಕೇಂದ್ರ ಸರ್ಕಾರ ನಮ್ಮೂರಿಗೆ ಏಜೆಂಟರ ಹಿಂಡು ಕಳಿಸಿದೆ, ನಮ್ಮ ಹುಡುಗರನ್ನ ಬಲಿ ಕೊಡಬೇಕಾ ಅನ್ನೋ ಧಾಟಿಯಲ್ಲಿ ಆರೋಪಿಗಳ ಪರ ವಾದ ನಡೀತು. ಸೆಪ್ಟೆಂಬರ್ 4, 1964 ಕ್ಕೆ ತೀರ್ಪು: ನಿರ್ದೋಷಿಗಳು. ಕೊಲೆಯಾಗಿ ಎರಡು ತಿಂಗಳೂ ಆಗಿರಲಿಲ್ಲ.

ಇದನ್ನ ಓದಿದಾಗಲೆಲ್ಲ ನನಗೆ ಕಂಬಾಲಪಲ್ಲಿ ಕಣ್ಣ ಮುಂದೆ ಬರುತ್ತೆ. ಮಾರ್ಚ್ 11, 2000. ಅಂದಿನ ಕೋಲಾರ ಜಿಲ್ಲೆ, ಚಿಂತಾಮಣಿ ತಾಲ್ಲೂಕು. ಏಳು ಜನ ದಲಿತರನ್ನ ಸುಟ್ಟು ಕೊಂದರು. ಸಾಕ್ಷಿಗಳು ಒಬ್ಬರಾದ ಮೇಲೆ ಒಬ್ಬರು ತಿರುಗಿಬಿದ್ದರು. ತಿರುಗಿಬಿದ್ದರು ಅಂತ ಕೋರ್ಟಿನ ಭಾಷೆ. ಅದೇ ಊರಲ್ಲಿ ಬದುಕಬೇಕಾದವರು ಹೆದರಿದರು ಅನ್ನೋದು ನಮ್ಮ ಭಾಷೆ. 2006 ರಲ್ಲಿ ಎಲ್ಲರೂ ಖುಲಾಸೆ. 2014 ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅಲ್ಲಿ ಜ್ಯೂರಿ ಇತ್ತು, ಇಲ್ಲಿ ಜ್ಯೂರಿ ಇಲ್ಲ. ಆದರೂ ಕೋರ್ಟಿಗಿಂತ ಮೊದಲೇ ಊರು ತೀರ್ಪು ಕೊಟ್ಟಿರುತ್ತೆ.

ಅಮೆರಿಕದಲ್ಲಿ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಅಲ್ಲಿ ಕೊಲೆ ಕೇಸು ರಾಜ್ಯದ ವ್ಯಾಪ್ತಿಗೆ ಸೇರಿದ್ದು. ರಾಜ್ಯವೇ ಬಿಟ್ಟು ಕಳಿಸಿದರೆ ಕೇಂದ್ರ ಮತ್ತೆ ಕೊಲೆ ಕೇಸು ಹಾಕೋಕೆ ಆಗ್ತಿರಲಿಲ್ಲ. ಆಗ ಕೇಂದ್ರದ ವಕೀಲರು ಗುಲಾಮಗಿರಿ ಕೊನೆಯಾದ ಹೊಸದರಲ್ಲಿ, ಕ್ಲಾನ್ ಹಾವಳಿ ತಡೆಯೋಕೆ 1870 ರಲ್ಲಿ ಮಾಡಿದ್ದ ಒಂದು ಹಳೇ ಕಾನೂನನ್ನ ಧೂಳು ಕೊಡವಿ ತೆಗೆದರು. ನಾಗರಿಕರ ಹಕ್ಕು ಕಸಿಯೋಕೆ ಒಳಸಂಚು ಮಾಡೋದು ಅಪರಾಧ ಅನ್ನುತ್ತೆ ಅದು. ಆರು ಜನರ ಮೇಲೆ ಕೇಸು. ಕೆಳಗಿನ ಕೋರ್ಟು ಇದು ನಿಲ್ಲಲ್ಲ ಅಂತ ವಜಾ ಮಾಡಿತು. ಸುಪ್ರೀಂ ಕೋರ್ಟಿಗೆ ಹೋದರು. ಮಾರ್ಚ್ 28, 1966 ಕ್ಕೆ 'ಯುನೈಟೆಡ್ ಸ್ಟೇಟ್ಸ್ ವಿರುದ್ಧ ಗೆಸ್ಟ್' ಅನ್ನೋ ತೀರ್ಪು ಬಂತು. ಆ ಗೆಸ್ಟ್ ಬೇರೆ ಯಾರೂ ಅಲ್ಲ, ಗ್ಯಾರೇಜ್ ಮಾಲೀಕನೇ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋಗಿ ಬರೋದು ಸಂವಿಧಾನ ಕೊಟ್ಟ ಹಕ್ಕು, ಅದಕ್ಕೆ ಅಡ್ಡ ಬರೋ ಸಂಚು ಮಾಡಿದರೆ ಕೇಂದ್ರ ಶಿಕ್ಷಿಸಬಹುದು ಅಂತ ಕೋರ್ಟು ಹೇಳಿತು. ಅದೇ ವರ್ಷ ಸಿಮ್ಸ್, ಮೈಯರ್ಸ್ ಇಬ್ಬರಿಗೂ ಹತ್ತು ಹತ್ತು ವರ್ಷ. ಆ ಕಾನೂನಿನಲ್ಲಿ ಅಷ್ಟೇ ಗರಿಷ್ಠ. ಸುಮಾರು ಆರು ವರ್ಷ ಒಳಗಿದ್ದು ಹೊರಗೆ ಬಂದರು. ಉಳಿದವರು ಬಿಡುಗಡೆ.

ನಿಧಾನವಾಗಿ ಯೋಚನೆ ಮಾಡಿ. ಒಬ್ಬ ಮನುಷ್ಯನ ಕೊಲೆಗೆ ಯಾರಿಗೂ ಶಿಕ್ಷೆ ಆಗಲೇ ಇಲ್ಲ. ಶಿಕ್ಷೆ ಆದದ್ದು ಹಕ್ಕಿಗೆ ಅಡ್ಡಿಪಡಿಸೋ ಸಂಚು ಮಾಡಿದ್ದಕ್ಕೆ. ಇದನ್ನ ನ್ಯಾಯ ಅನ್ನಬೇಕಾ ಬೇಡವಾ ನಂಗೂ ಗೊತ್ತಾಗಲ್ಲ. ಆದರೆ ಈ ಕೇಸಿನಿಂದ ಕಾನೂನಿನ ತೂತು ಎಲ್ಲರಿಗೂ ಕಾಣಿಸಿತು. 1968 ರ ನಾಗರಿಕ ಹಕ್ಕುಗಳ ಕಾಯ್ದೆಯಲ್ಲಿ ಅದನ್ನ ಮುಚ್ಚಿದರು. ಬಣ್ಣದ ಕಾರಣಕ್ಕೆ ಹಲ್ಲೆ ಮಾಡಿ ಸಾವಾದರೆ ಜೀವಾವಧಿವರೆಗೆ ಶಿಕ್ಷೆ ಕೊಡೋಕೆ ಕೇಂದ್ರಕ್ಕೆ ಅಧಿಕಾರ ಬಂತು. ನಮ್ಮಲ್ಲೂ ಹೀಗೇ. ಐಪಿಸಿಯಲ್ಲಿ ಕೊಲೆಗೆ ಸೆಕ್ಷನ್ ಇರಲಿಲ್ವಾ? ಇತ್ತು. ಆದರೂ 1989 ರ ದೌರ್ಜನ್ಯ ತಡೆ ಕಾಯ್ದೆ ಯಾಕೆ ಬೇಕಾಯ್ತು, 2015 ರ ತಿದ್ದುಪಡಿಯಲ್ಲಿ ಸಾಕ್ಷಿಗಳ ರಕ್ಷಣೆಗೆ 15ಎ ಯಾಕೆ ಸೇರಿಸಬೇಕಾಯ್ತು ಅಂದರೆ ಕಾರಣ ಇದೇ. ಆ ಒಂದೊಂದು ಸೆಕ್ಷನ್ನಿನ ಹಿಂದೆ ಖುಲಾಸೆಯಾದ ಒಂದೊಂದು ಊರಿದೆ. ಯಾರಾದರೂ ನಿಮ್ಮ ಮುಂದೆ 'ಅಟ್ರಾಸಿಟಿ ಕಾಯ್ದೆ ದುರ್ಬಳಕೆ ಆಗ್ತಿದೆ' ಅಂತ ಶುರು ಮಾಡಿದರೆ, ಇಲ್ಲಿಂದ ಮಾತು ಶುರು ಮಾಡಿ.

ಪೆನ್ ಅವರನ್ನ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಪೂರ್ಣ ಸೇನಾ ಗೌರವದೊಂದಿಗೆ ಮಣ್ಣು ಮಾಡಿದರು. ಬಾವುಟ ಹೊದಿಸಿದ ಪೆಟ್ಟಿಗೆ, ಕುದುರೆ ಎಳೆಯುವ ಗಾಡಿ, ಕುಶಾಲು ತೋಪು. ಅವರ ಹೆಂಡತಿಯ ಹೆಸರು ಏನು ಗೊತ್ತಾ? ಜಾರ್ಜಿಯಾ. ಗಂಡನನ್ನ ಕೊಂದ ರಾಜ್ಯದ ಹೆಸರೇ ಆ ತಾಯಿಯದು. ಒಂದು ವರ್ಷ ಆಗುವ ಹೊತ್ತಿಗೆ ಅವರೂ ತೀರಿಕೊಂಡರು. ಮೂರು ಮಕ್ಕಳು ಅನಾಥರಾದವು.

ಇಲ್ಲಿವರೆಗೂ ಓದಿದ ಮೇಲೆ ನಿಮ್ಮ ಮನಸ್ಸಲ್ಲಿ ಒಂದು ಮಾತು ಬಂದಿರುತ್ತೆ. ದೇಶಕ್ಕಾಗಿ ಯುದ್ಧ ಮಾಡಿದ ಮನುಷ್ಯನಿಗೇ ಹೀಗೆ ಮಾಡಿದರಲ್ಲ ಅಂತ. ನನಗೂ ಮೊದಲು ಬಂದದ್ದು ಅದೇ ಮಾತು. ಈಗ ಆ ಮಾತನ್ನೇ ಸ್ವಲ್ಪ ತಡೆದು ನಿಲ್ಲಿಸಬೇಕು ಅನ್ಸುತ್ತೆ. ಈ ಬರಹ ಬರೆಯೋಕೆ ಕೂತದ್ದೇ ಅದಕ್ಕೆ.

ಪೆನ್ ಸತ್ತ ಮಾರನೇ ದಿನ, ಜುಲೈ 12 ಕ್ಕೆ, ಮಿಸಿಸಿಪ್ಪಿ ನದಿಯ ಒಂದು ಹಳೇ ಹರಿವಿನಲ್ಲಿ ಒಂದು ಶವದ ಭಾಗ ಸಿಕ್ಕಿತು. ಅದರ ಮಾರನೇ ದಿನ ಇನ್ನೊಂದು. ಕಾಣೆಯಾದ ಮೂವರು ಕಾರ್ಯಕರ್ತರದೇ ಇರಬೇಕು ಅಂತ ದೇಶದ ಪತ್ರಕರ್ತರೆಲ್ಲ ಓಡಿ ಬಂದರು. ಅಲ್ಲ. ಅವು ಹೆನ್ರಿ ಡೀ ಮತ್ತು ಚಾರ್ಲ್ಸ್ ಮೂರ್ ಎಂಬ ಇಬ್ಬರು ಕಪ್ಪು ಹುಡುಗರದು. ಇಬ್ಬರಿಗೂ ಹತ್ತೊಂಬತ್ತು. ಒಬ್ಬ ಮರದ ಮಿಲ್ಲಿನ ಕೂಲಿ, ಇನ್ನೊಬ್ಬ ಕಾಲೇಜು ಹುಡುಗ. ಮೇ 2 ರಂದೇ ಕ್ಲಾನ್ ಜನ ಹಿಡಿದು ಹೊಡೆದು, ಭಾರ ಕಟ್ಟಿ ನದಿಗೆ ಎಸೆದಿದ್ದರು. ಹುಡುಕ್ತಿದ್ದ ಕಾರ್ಯಕರ್ತರು ಅಲ್ಲ ಅಂತ ಗೊತ್ತಾದ ಕೂಡಲೇ ಪತ್ರಕರ್ತರು ವಾಪಸ್ ಹೋದರು. ಈ ಇಬ್ಬರ ಸಾವಿಗೆ ಒಬ್ಬನಿಗೆ ಶಿಕ್ಷೆ ಆದದ್ದು 2007 ರಲ್ಲಿ. 43 ವರ್ಷ ಆದ ಮೇಲೆ.

ಅದೇ ವಾರ, ಅದೇ ದೇಶ. ಕರ್ನಲ್‌ಗೆ ಕುದುರೆ ಗಾಡಿ. ಕೂಲಿ ಹುಡುಗನಿಗೆ ನದಿ. ಪೆನ್ ಅವರ ಎದೆ ಮೇಲೆ ಪದಕ ಇತ್ತು, ಹಾಗಾಗಿ ಅವರ ಸಾವು ದೇಶಕ್ಕೆ ಅವಮಾನ ಅನ್ನಿಸಿತು. ಡೀಯ ಸಾವು ಯಾರಿಗೂ ಅವಮಾನ ಅನ್ನಿಸಲಿಲ್ಲ.

ನಾವೂ ಈ ಬಲೆಗೆ ಬಿದ್ದವರೇ. ನಮ್ಮ ಚರಿತ್ರೆ ನೋಡಿ. ಜನವರಿ 1, 1818 ರ ಕೋರೆಗಾಂವ್ ಬಗ್ಗೆ ನಿಮಗೆಲ್ಲ ಗೊತ್ತು. ಆ ಕಂಬದ ಮೇಲೆ ಮಹಾರ್ ಸೈನಿಕರ ಹೆಸರುಗಳಿವೆ. ಹಾಗಿದ್ದೂ 1890 ರ ದಶಕದಲ್ಲಿ ಬ್ರಿಟಿಷರು 'ವೀರ ಜಾತಿ' ಅನ್ನೋ ಸಿದ್ಧಾಂತ ಹಿಡ್ಕೊಂಡು ಮಹಾರರ ಭರ್ತಿ ನಿಲ್ಲಿಸಿದರು. ಆಗ ಪಿಂಚಣಿದಾರ ಸೈನಿಕ ಗೋಪಾಲ ಬಾಬಾ ವಲಂಗಕರ್ ಮನವಿ ಬರೆದರು. 1910 ರಲ್ಲಿ ಶಿವರಾಮ ಜಾನಬಾ ಕಾಂಬಳೆ ಬರೆದರು. ನಿಮಗಾಗಿ ಹೋರಾಡಿದ್ದೀವಿ, ಸತ್ತಿದ್ದೀವಿ, ನಮ್ಮನ್ನ ವಾಪಸ್ ತಗೊಳ್ಳಿ ಅಂತ. ಮೊದಲ ಮಹಾಯುದ್ಧದಲ್ಲಿ 111ನೇ ಮಹಾರ್ ಪಡೆ ಕಟ್ಟಿದರು, ಯುದ್ಧ ಮುಗಿದ ಮೇಲೆ ವಿಸರ್ಜಿಸಿದರು. ಎರಡನೇ ಯುದ್ಧ ಬಂದಾಗ ಮತ್ತೆ ಬೇಕಾದೆವು. 1941 ರ ಅಕ್ಟೋಬರಿನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲೇ. ಅದರ ಹಿಂದೆ ವೈಸರಾಯ್‌ನ ರಕ್ಷಣಾ ಸಲಹಾ ಸಮಿತಿಯಲ್ಲಿದ್ದ ಬಾಬಾಸಾಹೇಬರ ಒತ್ತಾಯ ಇತ್ತು. 1943 ರಲ್ಲಿ ಚಮಾರ್ ರೆಜಿಮೆಂಟ್ ಕಟ್ಟಿದರು, 1946 ಕ್ಕೆ ಅದನ್ನೂ ಮುಚ್ಚಿದರು. ಯುದ್ಧ ಬಂದರೆ ಬಾ, ಮುಗಿದರೆ ಹೋಗು. ಈ ಲೆಕ್ಕದಲ್ಲಿ ನಾವೆಲ್ಲ ಶಾಶ್ವತ ರಿಸರ್ವ್ ಪಟ್ಟಿಯವರು.

ಅಮೆರಿಕದ ಕಪ್ಪು ಜನರದೂ ಅದೇ. 1944 ರಲ್ಲಿ ಯೂರೋಪಿನ ರಣರಂಗಕ್ಕೆ ಪೆಟ್ರೋಲು, ಮದ್ದುಗುಂಡು ಹೊತ್ತ 'ರೆಡ್ ಬಾಲ್ ಎಕ್ಸ್‌ಪ್ರೆಸ್' ಲಾರಿ ಸಾಲಿನ ಡ್ರೈವರುಗಳಲ್ಲಿ ಮುಕ್ಕಾಲು ಪಾಲು ಕಪ್ಪು ಸೈನಿಕರು. ಅಸ್ಸಾಮಿನ ಲೇಡೋದಿಂದ ಬರ್ಮಾದೊಳಕ್ಕೆ ಬೆಟ್ಟ ಕಡಿದು ರಸ್ತೆ ಮಾಡಿದ ಅಮೆರಿಕನ್ ಸೈನಿಕರಲ್ಲೂ ಅವರೇ ಹೆಚ್ಚು. ಲಾರಿ, ರಸ್ತೆ, ರಿಪೇರಿ, ಮೂಟೆ. ಬೆವರಿನ ಕೆಲಸಕ್ಕೆ ಕರೆದರು. ಆದರೆ ಅದೇ ಯುದ್ಧದಲ್ಲಿ ರೆಡ್ ಕ್ರಾಸ್ ಅವರ ರಕ್ತವನ್ನ ಬೇರೆ ಇಡ್ತಿತ್ತು. ಬಿಳಿ ಸೈನಿಕನ ಮೈಗೆ ಕಪ್ಪು ಮನುಷ್ಯನ ರಕ್ತ ಹೋಗಬಾರದಂತೆ! ನಮ್ಮೂರಿನ ಸೂರಿನ ಲೋಟ ನೆನಪಾಯ್ತಾ? 1946 ರ ಫೆಬ್ರವರಿಯಲ್ಲಿ ಐಸಾಕ್ ವುಡರ್ಡ್ ಎಂಬ ಸಾರ್ಜೆಂಟ್ ಸೇನೆಯಿಂದ ಬಿಡುಗಡೆಯಾದ ದಿನವೇ, ಯೂನಿಫಾರ್ಮಿನಲ್ಲೇ ಬಸ್ಸಿನಲ್ಲಿ ಮನೆಗೆ ಹೊರಟಿದ್ದರು. ಕಕ್ಕಸಿಗೆ ನಿಲ್ಲಿಸಿ ಅಂದದ್ದಕ್ಕೆ ಡ್ರೈವರ್ ಜೊತೆ ಮಾತಾಯ್ತು. ಸೌತ್ ಕೆರೊಲೈನಾದ ಒಂದು ಊರಿನ ಪೊಲೀಸ್ ಮುಖ್ಯಸ್ಥ ಲಾಠಿಯಿಂದ ಅವರ ಎರಡೂ ಕಣ್ಣು ಹೋಗುವಂತೆ ಹೊಡೆದ. ಬಿಳಿಯರ ಜ್ಯೂರಿ ಅವನನ್ನೂ ಬಿಟ್ಟಿತು. 1948 ರಲ್ಲಿ ಅಧ್ಯಕ್ಷ ಟ್ರೂಮನ್ ಸೇನೆಯಲ್ಲಿ ಬಣ್ಣದ ಭೇದ ಕೂಡದು ಅಂತ ಆದೇಶ ಮಾಡಿದ್ದರ ಹಿಂದೆ ಈ ಕುರುಡು ಕಣ್ಣುಗಳೂ ಇವೆ.

ಯೂನಿಫಾರ್ಮ್ ಹಾಕಿದರೆ ಗೌರವ ಬರುತ್ತೆ, ಚೆನ್ನಾಗಿ ಓದಿದರೆ ಬರುತ್ತೆ, ಕೆಲಸದಲ್ಲಿ ನಂಬರ್ ಒನ್ ಆದರೆ ಬರುತ್ತೆ ಅಂತ ನಮಗೆ ಹೇಳ್ತಾನೇ ಬಂದಿದ್ದಾರೆ. ಪೆನ್ ಅವರಲ್ಲಿ ಇದೆಲ್ಲವೂ ಇತ್ತು. ಪದವಿ, ಪದಕ, ದರ್ಜೆ, ಒಳ್ಳೇ ಸಂಸಾರ. ಒಂದು ಸಣ್ಣ ತಪ್ಪೂ ಮಾಡದ ಬದುಕು. ಬ್ರಾಡ್ ನದಿಯ ಸೇತುವೆ ಮೇಲೆ ಇದರಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ.

ಬಾಬಾಸಾಹೇಬರು ಸೈನಿಕನ ಮಗ. ಅಪ್ಪ ಸುಬೇದಾರ್ ರಾಮಜಿ. ಸೇನೆಯ ಋಣ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ಸೇನೆಯ ಶಾಲೆಗಳಿಂದಲೇ ನಮ್ಮಲ್ಲಿ ಅಕ್ಷರ ಬಂತು. ಆದರೂ ಮಾರ್ಚ್ 20, 1927 ಕ್ಕೆ ಮಹಾಡದ ಚವದಾರ್ ಕೆರೆಗೆ ಇಳಿದಾಗ ಅವರು ಸೈನಿಕರ ಪಟ್ಟಿ ಹಿಡ್ಕೊಂಡು ಇಳಿಯಲಿಲ್ಲ. ನಮ್ಮಪ್ಪಂದಿರು ಯುದ್ಧ ಮಾಡಿದ್ದಾರೆ, ಅದಕ್ಕೆ ನೀರು ಕೊಡಿ ಅನ್ನಲಿಲ್ಲ. ಮನುಷ್ಯರು, ಅದಕ್ಕೆ ಕುಡೀತೀವಿ ಅಂದರು. ವಲಂಗಕರ್ ಅವರ ಮನವಿಯಿಂದ ಮಹಾಡದ ಕೆರೆಗೆ ಮೂವತ್ತು ಚಿಲ್ಲರೆ ವರ್ಷ. ನಮ್ಮ ಚಳವಳಿ ನಡೆದ ದೂರ ಅದೇ: ಮನವಿಯಿಂದ ಹಕ್ಕಿಗೆ.

ಕಪ್ಪು ಜನರ ಕಥೆ ನಮಗೆ ಯಾಕೆ ಅಂತ ಕೇಳೋರಿಗೂ ಒಂದು ಮಾತು. ಇದು ಹೊಸ ಫ್ಯಾಷನ್ ಅಲ್ಲ. 1873 ರಲ್ಲೇ ಜೋತಿಬಾ ಫುಲೆ ತಮ್ಮ 'ಗುಲಾಮಗಿರಿ'ಯನ್ನ ಅಮೆರಿಕದಲ್ಲಿ ಗುಲಾಮರ ಬಿಡುಗಡೆಗೆ ಹೋರಾಡಿದ ಜನರಿಗೆ ಅರ್ಪಿಸಿದರು. 1946 ರಲ್ಲಿ ಬಾಬಾಸಾಹೇಬರು ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದರು, ಅವರೂ ಉತ್ತರ ಬರೆದರು. 1972 ರಲ್ಲಿ ಮುಂಬೈನ ನಮ್ಮ ಹುಡುಗರು ಪ್ಯಾಂಥರ್ ಅನ್ನೋ ಹೆಸರು ತಗೊಂಡದ್ದೂ ಅಲ್ಲಿಂದಲೇ. ಅವರ ಸಾವಿನಿಂದ ನಾವು ಕಲಿಯೋದು ನಮ್ಮ ಹಿರಿಯರು ಹಾಕಿಕೊಟ್ಟ ದಾರಿಯೇ.

2006 ರಲ್ಲಿ ಬ್ರಾಡ್ ನದಿಯ ಸೇತುವೆ ಹತ್ತಿರ, ಹೆದ್ದಾರಿ 172 ರ ಪಕ್ಕ, ಪೆನ್ ಅವರ ಹೆಸರಿನ ಒಂದು ಫಲಕ ನಿಲ್ಲಿಸಿದರು. ಕೊಲೆಯಾಗಿ 42 ವರ್ಷ ಆದ ಮೇಲೆ. ಅದನ್ನ ನಿಲ್ಲಿಸೋಕೆ ಓಡಾಡಿದವರಲ್ಲಿ ಅಲ್ಲಿನ ಸ್ಥಳೀಯ ಚರ್ಚಿನವರೂ ಇದ್ದರು. ಕೋರ್ಟು ಕೊಡದ ತೀರ್ಪನ್ನ ಕೊನೆಗೂ ಆ ರಸ್ತೆ ಬದಿಯಲ್ಲಿ ಬರೆದಿಟ್ಟರು. ಇನ್ನು ಫೋರ್ಟ್ ಬೆನ್ನಿಂಗ್ ಹೆಸರು? 2023 ರಲ್ಲಿ ಬದಲಾಯಿಸಿದರು. 2025 ರಲ್ಲಿ ಮತ್ತೆ ಬೆನ್ನಿಂಗ್ ಅಂತಲೇ ಇಟ್ಟರು. ಈ ಸಲ ಅದೇ ಅಡ್ಡಹೆಸರಿನ ಬೇರೊಬ್ಬ ಸೈನಿಕನ ನೆಪ. ಹೆಸರುಗಳ ಜಗಳ ಮುಗಿಯಲ್ಲ ಗೆಳೆಯರೇ. ಅಲ್ಲೂ ಇಲ್ಲೂ.

ನಮ್ಮ ಚಿಕ್ಕಪ್ಪನ ಹೆಸರಲ್ಲಿ ಫಲಕ ಇಲ್ಲ. ಕೆರೆ ಕೋಡಿಯ ಆ ದಾರಿ ಈಗ ಕಾಂಕ್ರೀಟ್ ಆಗಿದೆ, ನಮ್ಮ ಹುಡುಗರು ಪಂಚಾಯ್ತಿ ಮುಂದೆ ಕೂತು ಮಾಡಿಸಿದ್ದು. ಊರ ಬೀದಿಯಲ್ಲಿ ಹೆಣ ಒಯ್ಯೋ ಹಕ್ಕಿಗೂ ಅರ್ಜಿ ಹಾಕಿದ್ದೇವೆ. ಅರ್ಜಿ ಬರೆಯುವಾಗ ಒಬ್ಬ ಹುಡುಗ ಹೇಳಿದ: 'ಅಣ್ಣ, ನಿಮ್ಮ ಚಿಕ್ಕಪ್ಪ ಮಿಲಿಟರಿ ಅಂತ ಸೇರಿಸೋಣ, ಸ್ಟ್ರಾಂಗ್ ಆಗುತ್ತೆ.' ಒಂದು ಕ್ಷಣ ನನಗೂ ಹೌದಲ್ವಾ ಅನ್ಸಿತು. ಆಮೇಲೆ ಬೇಡ ಕಣಪ್ಪಾ ಅಂದೆ. ಅದೇ ಕೇರಿಯಲ್ಲಿ ಜೀವನವೆಲ್ಲ ಸಗಣಿ ಬಾಚಿ ಸತ್ತ ನಮ್ಮಜ್ಜಿಗೂ ಆ ಬೀದಿಯಲ್ಲಿ ಹೋಗೋ ಹಕ್ಕು ಇತ್ತು. ಯಾವ ಯುದ್ಧಕ್ಕೂ ಹೋಗದ, ಯಾವ ಪದಕವೂ ಇಲ್ಲದ ಅವಳ ಹೆಸರಲ್ಲೇ ಅರ್ಜಿ ಇರಲಿ. ಹಾಗೇ ಬರೆದ್ವಿ.

ಬೂಟು ಮಾತ್ರ ನಮ್ಮನೇಲಿ ಇದೆ. ಚಿಕ್ಕವ್ವ ಅವತ್ತು ಅದನ್ನ ಗುಂಡಿಗೆ ಹಾಕಲಿಲ್ಲ, ವಾಪಸ್ ತಂದಳು. ಮಕ್ಕಳಿಗೆ ಬಾಬಾಸಾಹೇಬರ ಫೋಟೋ ತೋರಿಸುವಾಗ ಅದನ್ನೂ ತೋರಿಸ್ತೀನಿ. ದೇಶಭಕ್ತಿಯ ಕಥೆ ಹೇಳೋಕಲ್ಲ. ಒಬ್ಬ ಒಳ್ಳೇ ಕೆಲಸಗಾರ ಇದ್ದ, ಅವನ ಕೈಗೆ ಕೆಟ್ಟ ಎಂಜಿನ್ ಮಾತು ಕೇಳ್ತಿತ್ತು ಅಂತ ಹೇಳೋಕೆ.

ಕರ್ನಲ್ ಪೆನ್, ಹೆನ್ರಿ ಡೀ, ಚಾರ್ಲ್ಸ್ ಮೂರ್. ಮೂವರನ್ನೂ ಒಟ್ಟಿಗೇ ನೆನೆಯೋಣ. ಕಂಬಾಲಪಲ್ಲಿಯ ಏಳು ಜನರನ್ನೂ. ನಿಮ್ಮ ಮನೆಯ ಹೆಸರುಗಳನ್ನ ಕೆಳಗೆ ಬರೆಯಿರಿ. ಪದಕ ಇದ್ದವರದೂ, ಇಲ್ಲದವರದೂ.

ಜೈಭೀಮ್.